ನೀರು ಬಿಟ್ಟ ಮರುದಿನದ ಮೆಣಸಿನಕಾಯಿ

ಅಂಬಿಕಾ, ಚೇತನ್,

ಇದನ್ನು ನಿಮ್ಮಿಬ್ಬರಿಗೆ ಬರೆಯುತ್ತಿದ್ದೇನೆ. ಎದುರು ಕೂತು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾಲ್ಕು ಮಂದಿ ಕೂಡಿದಲ್ಲಿ ನಿಮ್ಮ ಆಯಿಗೆ ಬಾಯಿ ಏಳುವುದಿಲ್ಲವೆಂದು ನಿಮಗೆ ಗೊತ್ತೇ ಇದೆ. ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ತಲೆ ತಗ್ಗಿಸುತ್ತಿದ್ದೆ, ಅದೇ ಉತ್ತರವನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಮಾಡುತ್ತಿದ್ದೇನೆ ಎಂದುಕೊಳ್ಳಿ.

ಹೋದ ತಿಂಗಳು ಒಂದು ಮುಂಜಾನೆ ಪಕ್ಕದ ಮನೆಯವರು ತಮ್ಮ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಬಿಸಿಲೇರಿದಂತೆ ಅದರ ಘಾಟು ನಮ್ಮ ಮೆಟ್ಟಿಲಿನಿಂದ ಇಳಿದು ಒಳಗೆ ಬಂತು. ಅದೇ ಹೊತ್ತಿಗೆ ನಿಮ್ಮ ಅವ್ವ, ನನ್ನ ಮಗಳು ಶಾಂತಾ, ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು.

"ಏನಿಲ್ರಿ, ಓದಲೇ ಇಲ್ಲ ಅವ. ಮೈಗಳ್ಳ ಆಗ್ಯಾನ. ಮೊಬೈಲ್ ಹಿಡ್ಕೊಂಡು ಕುಂತ್ರ ನೌಕರಿ ಎಲ್ಲಿಂದ ಸಿಗ್ತದ?"

ಚೇತನ್, ನೀನು ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದೆ. ನಿನ್ನ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ. ರೈಲು ಓಡಿಸುವ ನೌಕರಿಗೆ ಬರೆಯುವ ಪರೀಕ್ಷೆಯನ್ನು ನೀನು ಪಾಸು ಮಾಡಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೆರೆದು, ಇದರಲ್ಲಿ ಯಾವ ಅಂಕಿ ಕಾಣುತ್ತದೆ ಎಂದು ಕೇಳಿದಾಗ ನಿನಗೆ ಬರೀ ಚುಕ್ಕಿಗಳಷ್ಟೇ ಕಂಡವು, ನೌಕರಿ ತಪ್ಪಿತು. ಅಕ್ಕನ ಸಂಬಂಧ ನೋಡುವ ಕಾಲದಲ್ಲಿ ಮನೆತನದಲ್ಲಿ ಕಣ್ಣಿನ ದೋಷ ಇದೆ ಎಂದು ಊರು ಆಡಿಕೊಳ್ಳಬಾರದೆಂದು ನಿಮ್ಮ ಅವ್ವ ಆ ಮಾತು ಆಡಿದಳು. ನೀನು ಬೂಟಿನ ಲಾಡಿ ಕಟ್ಟಿಕೊಂಡು ಹೊರಗೆ ಹೋದೆ.

ಅದೇ ಘಾಟು, ಅದೇ ಮಾತು. ಆ ಮಾತನ್ನು ನಿಮ್ಮ ಅವ್ವನಿಗಿಂತ ಮೊದಲು ಆಡಿದವಳು ನಾನು. ಆಗ ಅವಳು ಎಂಟು ತಿಂಗಳ ಕೂಸು.

ದೇವಾಪುರದ ನನ್ನ ಗಂಡನ ಮನೆಯ ಹೊಲಕ್ಕೆ ಕಾಲುವೆ ನೀರು ಬಂದು ಅದು ಮೂರನೆಯ ವರ್ಷ. ಅಲ್ಲಿಯವರೆಗೆ ಆ ಕರಿಮಣ್ಣಿನಲ್ಲಿ ಬಿಳಿಜೋಳ, ತೊಗರಿ ಬಿಟ್ಟರೆ ಬೇರೆ ಕಂಡವರಿಲ್ಲ. ನೀರು ಬಂದ ಮೇಲೆ ಊರಿಗೆ ಊರೇ ಮೆಣಸಿನ ಸಸಿ ನೆಟ್ಟಿತು. ಸಂಕ್ರಾಂತಿ ಹೊತ್ತಿಗೆ ಎಲ್ಲರ ಹೊಲವೂ ಒಟ್ಟಿಗೇ ಹಣ್ಣಾಗಿ, ಬಿಡಿಸಲು ಆಳು ಸಿಗದಂತಾಯಿತು. ಹೆಂಗಸರ ಕೆಲಸವೆನ್ನುತ್ತಿದ್ದ ಗಂಡಸರೂ ಬುಟ್ಟಿ ಹಿಡಿದರು. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ನನ್ನ ತವರಿಗೆ ಹೇಳಿಕಳಿಸಿ ನನ್ನ ತಮ್ಮ ಭೀಮರಾಯನನ್ನು ಕರೆಸಿದರು.

ಕರೆಸಿದ್ದರಲ್ಲಿ ಇನ್ನೊಂದು ಲೆಕ್ಕಾಚಾರವೂ ಇತ್ತು. ನನ್ನ ನಾದಿನಿ ದೇವಮ್ಮನನ್ನು ಭೀಮರಾಯನಿಗೆ ಕೊಡುವ ಮಾತು ನಡೆದಿತ್ತು. ಆ ಮನೆಯಿಂದ ಹೆಣ್ಣು ತಂದಿದ್ದೇವೆ, ಈ ಮನೆಯಿಂದ ಒಂದು ಕೊಟ್ಟರೆ ಸರಿಹೋಗುತ್ತದೆ ಎಂದು ಹಿರಿಯರ ವಿಚಾರ. ನಮ್ಮತ್ತೆ ನಿಂಗಮ್ಮ ಮಾತ್ರ ಅವಸರ ಮಾಡಲಿಲ್ಲ.

"ಹುಡುಗನ ರೂಪ ಒಂದಿನ ನೋಡಿದ್ರ ಸಾಕು. ದುಡಿಮಿ ಒಂದು ಹಂಗಾಮ ನೋಡಬೇಕು," ಅಂದರು. ಸುಗ್ಗಿ ಮುಗಿದ ಮೇಲೆ ವೀಳ್ಯ ಹಿಡಿದು ನಿಶ್ಚಯ ಮಾಡುವುದು ಎಂದಾಯಿತು.

ಭೀಮರಾಯನ ಕಣ್ಣಿನ ಸಂಗತಿ ನನಗೆ ಮತ್ತು ನಮ್ಮ ಅವ್ವನಿಗೆ ಬಿಟ್ಟರೆ ಯಾರಿಗೂ ತಿಳಿಯದು. ನನ್ನ ತವರೂರು ಹತ್ತಿಕುಣಿಯ ಕೆರೆ ಏರಿಯ ಕೆಳಗೆ ಬಾರಿಹಣ್ಣಿನ ಗಿಡಗಳಿದ್ದವು. ಸಣ್ಣವರಿದ್ದಾಗ ನಾವಿಬ್ಬರೂ ಹೋಗುತ್ತಿದ್ದೆವು. ಅವನು ಒಂದೊಂದನ್ನೂ ನನ್ನ ಮುಂದೆ ಹಿಡಿದು, "ಅಕ್ಕ, ಇದು?" ಎನ್ನುವನು. "ಕಾಯಿ." "ಇದು?" "ಹಣ್ಣು." ಹೀಗೆ ಉಡಿ ತುಂಬುತ್ತಿತ್ತು. ಅವನಿಗೆ ಕೆಂಪಿಗೂ ಹಸಿರಿಗೂ ಭೇದ ತಿಳಿಯುತ್ತಿರಲಿಲ್ಲ. ಆದರೆ ಒಣಹುಲ್ಲಿನಲ್ಲಿ ಕೌಜುಗ ಮೊಟ್ಟೆಯ ಮೇಲೆ ಕೂತಿದ್ದರೆ ದೂರದಿಂದಲೇ ತೋರಿಸುತ್ತಿದ್ದ. ನಾನು ಎಷ್ಟು ನೋಡಿದರೂ ಬರೀ ಹುಲ್ಲು. "ಅಲ್ಲೇ ಅದಲ್ಲ, ನೀ ಏನ ಕುರುಡಿ ಏನ?" ಎಂದು ನಗುತ್ತಿದ್ದ.

ನನ್ನ ಮದುವೆಯ ಹಿಂದಿನ ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. "ನಮ್ಮಪ್ಪನೂ ಹಿಂಗೇ ಇದ್ದ. ನನ್ನ ಕಡಿಂದ ಬಂದದ ಇದು, ನನ್ನ ಪಾಪ. ಗಂಡನ ಮನ್ಯಾಗ ಬಾಯಿ ಬಿಟ್ಟೀಯಂದ್ರ ನಿನ್ನ ತಮ್ಮಗ ಯಾರೂ ಹೆಣ್ಣು ಕೊಡಂಗಿಲ್ಲ. ನನ್ನ ಆಣಿ ಮಾಡು," ಅಂದಳು. ನಾನು ಆಣೆ ಮಾಡಿದೆ.

ಆಣೆಗೆ ತಕ್ಕ ಹಾಗೆ ದೇವಾಪುರದಲ್ಲಿ ನಾನು ಯಾವಾಗಲೂ ಅವನ ಪಕ್ಕದ ಸಾಲೇ ಹಿಡಿಯುತ್ತಿದ್ದೆ. ಹಣ್ಣಿದ್ದ ಟೊಂಗೆಯನ್ನು ಮೆಲ್ಲಗೆ ಅವನ ಕಡೆ ಬಗ್ಗಿಸುತ್ತಿದ್ದೆ. ಬಗ್ಗಿಸಿದ್ದನ್ನು ಅವನು ಬಿಡಿಸುತ್ತಿದ್ದ. ಯಾರೂ ಗಮನಿಸಲಿಲ್ಲ. ಅವನಿಗೆ ತನ್ನದೇ ಒಂದು ವಿದ್ಯೆಯೂ ಇತ್ತು. ನಮ್ಮ ತವರಿನ ಹೊಲ ಮಳೆಯನ್ನು ನಂಬಿದ್ದು. ಅಲ್ಲಿ ಹಣ್ಣಾದ ಮೆಣಸಿನಕಾಯಿ ಗಿಡದ ಮೇಲೇ ಬಾಡಿ, ಸುಕ್ಕಾಗಿ, ಬೆರಳಿಗೆ ಮೆತ್ತಗೆ ಹತ್ತುತ್ತದೆ, ಕಾಯಿ ಬಿಗಿಯಾಗಿರುತ್ತದೆ. ಅವನು ಪ್ರತಿಯೊಂದನ್ನೂ ಒತ್ತಿ ನೋಡಿ ಕೀಳುತ್ತಿದ್ದ. ಗಿಳಿ ಕುಕ್ಕಿದ್ದಿದ್ದರೆ ಒತ್ತದೆಯೇ ಕೀಳುತ್ತಿದ್ದ. ಗಿಳಿ ಹಣ್ಣನ್ನಲ್ಲದೆ ಕಾಯಿ ಮುಟ್ಟದು ಎಂದು ಅವನ ನಂಬಿಕೆ.

ಇದರಿಂದ ಅವನ ಕೈ ನಿಧಾನ. ಕೂಲಿಗೆ ಬರುತ್ತಿದ್ದ ಹಣಮವ್ವ ಎಂಬವಳ ಬಾಯಿಗೆ ಅದು ಸಾಕಾಯಿತು.

"ಏ ಅಳಿಯಪ್ಪಾ, ಕಾಯಿ ಕೀಳಾಕತ್ತೀಯೋ, ಹೆಣ್ಣಿನ ಕೈ ಹಿಡ್ದು ನೋಡಾಕತ್ತೀಯೋ?"

ಹೆಂಗಸರೆಲ್ಲ ನಕ್ಕರು. ದೇವಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಆಚೆ ತಿರುಗಿದಳು. ಭೀಮರಾಯನೂ ನಕ್ಕ. "ಹಣಮವ್ವತ್ತಿ, ನಿನ್ನಂಗ ಸೊಪ್ಪು ಸದಿ ಎಲ್ಲಾ ಹರ್ಕೊಂಡು ಬುಟ್ಟಿ ತುಂಬಿಸಾಕ ನನಗ ಬರಂಗಿಲ್ಲ ಬಿಡು," ಅಂದ. ಅವಳ ಬುಟ್ಟಿಯಲ್ಲಿ ಎಲೆಯೇ ಹೆಚ್ಚಿರುತ್ತಿದ್ದದ್ದು ನಿಜ. ಆಗ ಅವಳ ಮೇಲೆ ನಗೆ ತಿರುಗಿತು. ಸಾಲಿನ ತುದಿಯಲ್ಲಿ ಅವನ ನೀರಿನ ತಂಬಿಗೆ ಬಿಸಿಲಿಗೆ ಬಿದ್ದಿದ್ದರೆ ಮರುಗಳಿಗೆಯಲ್ಲಿ ಅದು ನೆರಳಿಗೆ ಸರಿದಿರುತ್ತಿತ್ತು. ಸರಿಸುವವಳು ದೇವಮ್ಮ ಎಂಬುದನ್ನು ನಾನು ಮಾತ್ರ ನೋಡಿದ್ದೆ.

ಬಿಡಿಸತೊಡಗಿ ಎಂಟೊಂಬತ್ತು ದಿನವಾಗಿರಬೇಕು. ನಮ್ಮತ್ತೆ ಬಗ್ಗಿ ಒಂದು ಗಿಡದ ಬುಡಕ್ಕೆ ಕೈ ಹಾಕಿದ್ದರು. ಎರಡು ಸಾಲು ಆಚೆ ಇದ್ದ ಭೀಮರಾಯ, "ಅತ್ತೀ, ಕೈ ತೆಗೀರಿ!" ಎಂದು ಒದರಿದ. ಒಣಗಿದ ಎಲೆಗಳ ನಡುವೆ ಕೊಳಕುಮಂಡಲ ಸುರುಳಿ ಸುತ್ತಿ ಬಿದ್ದಿತ್ತು. ಅವರ ಬೆರಳಿಗೂ ಅದಕ್ಕೂ ಒಂದು ಗೇಣು. ತೋರಿಸಿದ ಮೇಲೂ ನಮಗೆ ಅದು ಎಲೆಯೋ ಹಾವೋ ಎಂದು ತಿಳಿಯಲು ಹೊತ್ತು ಹಿಡಿಯಿತು. ಅಂದು ಸಂಜೆ ಅತ್ತೆ ಅವನಿಗೆ ಮೊದಲ ರೊಟ್ಟಿ ಹಾಕಿ, "ಹದ್ದಿನ ಕಣ್ಣಪ್ಪ ಇವಂದು," ಅಂದರು. ನಾನು ಒಲೆಯ ಮುಂದೆ ಕೂತು, ಇನ್ನು ಈ ಸಂಬಂಧ ಆಗಿಯೇ ಹೋಯಿತು ಎಂದುಕೊಂಡೆ.

ಅದರ ಮರುದಿನವೇ ಶಾಂತಾಗೆ ಜ್ವರ ಬಂತು. ಮೂರು ದಿನ ಕೂಸು ಮೈ ಬಿಟ್ಟು ಇಳಿಯಲಿಲ್ಲ. ನಾನು ಮನೆಯಲ್ಲೇ ಉಳಿದೆ. ಜ್ವರ ಬಂದ ಹಿಂದಿನ ಸಂಜೆಯೇ ನಮ್ಮ ಪಾಳಿ ಬಂದಿತೆಂದು ಕಾಲುವೆ ಕಾಯುವ ಲಸ್ಕರ ಗೇಟು ಎತ್ತಿ ನಮ್ಮ ಹೊಲಕ್ಕೆ ನೀರು ಬಿಟ್ಟಿದ್ದ. ನೀರು ಕುಡಿದ ಗಿಡದಲ್ಲಿ ಹಣ್ಣೂ ಬಿಗಿ, ಕಾಯಿಯೂ ಬಿಗಿ. ನಾನೇ ಎಷ್ಟೋ ಸಲ ಮುಟ್ಟಿ ನೋಡಿದ್ದೇನೆ, ಎರಡೂ ಒಂದೇ ಹಾಗೆ ಇರುತ್ತವೆ. ಮಳೆಯ ಹೊಲದಲ್ಲಿ ಅವನ ಬೆರಳು ಕಲಿತಿದ್ದ ವಿದ್ಯೆ ಕಾಲುವೆಯ ಹೊಲದಲ್ಲಿ ಕೆಟ್ಟಿತು. ಪಕ್ಕದಲ್ಲಿ ಟೊಂಗೆ ಬಗ್ಗಿಸಲು ನಾನೂ ಇಲ್ಲ. ಆದರೂ ಅವನು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಏಕೆಂದು ಹೇಳಬೇಕಾಗುತ್ತಿತ್ತು.

ಬಿಡಿಸಿದ ಕಾಯಿಯನ್ನು ಎರಡು ದಿನ ಕೋಣೆಯಲ್ಲಿ ಗುಡ್ಡೆ ಹಾಕಿ, ಆಮೇಲೆ ಕಣಕ್ಕೆ ಹರವುತ್ತಿದ್ದೆವು. ಅರೆಗೆಂಪಿನವು ಗುಡ್ಡೆಯಲ್ಲಿ ಪೂರ್ತಿ ಕೆಂಪಾಗುತ್ತವೆ, ಪೂರಾ ಹಸಿರಿನವು ಆಗುವುದಿಲ್ಲ. ಅವು ಒಣಗಿದರೆ ಬೆಳ್ಳಗೆ ಸೊಟ್ಟಗೆ ಆಗಿ ಮಾಲಿನ ಮುಖ ಕೆಡಿಸುತ್ತವೆ. ಆ ಮೂರು ದಿನ ಭೀಮರಾಯ ಬಿಡಿಸಿದ ಗುಡ್ಡೆಯನ್ನು ಹರವಿದಾಗ ಕಣದ ಒಂದು ಮೂಲೆ ಹಸಿರು ಹಸಿರಾಗಿತ್ತು.

"ಪಲ್ಯಾ ಮಾಡಾಕ ಬಿಡಿಸ್ಯಾನೇನವ್ವ ಅಳಿಯಪ್ಪ?" ಎಂದಳು ಹಣಮವ್ವ. "ಎಲಿ ಬುಡಕ ಇದ್ದ ಹಾವು ಕಾಣ್ತದ, ಕಣ್ಣ ಮುಂದಿನ ಹಣ್ಣು ಕಾಣಂಗಿಲ್ಲ! ಬೇಕಂತ ಮಾಡ್ಯಾನ ಇವ. ನಾ ನಕ್ಕಿದ್ದಕ್ಕ ಸಿಟ್ಟು."

ಈ ಸಲ ಯಾರೂ ನಗಲಿಲ್ಲ. ಭೀಮರಾಯ ಬುಟ್ಟಿ ತರಲು ಕೋಣೆಗೆ ಹೋಗಿದ್ದ. ಅತ್ತೆ ಒಂದು ಹಿಡಿ ಹಸಿರು ಕಾಯಿ ತೆಗೆದುಕೊಂಡು, ಕೂಸನ್ನು ಹೊತ್ತು ನಿಂತಿದ್ದ ನನ್ನನ್ನು ಗೋಡೆಯ ಮರೆಗೆ ಕರೆದರು.

"ಸಿದ್ದವ್ವಾ, ಖರೇ ಹೇಳು. ನಿನ್ನ ತಮ್ಮನ ಕಣ್ಣಾಗ ಏನರ ಐಬು ಅದೇನು?"

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದನ್ನು ನೀವು ನೆನಪಿಡಬೇಕು. ಅವರು ಕೇಳಿದ್ದು ಒಳ್ಳೆಯ ಮನಸ್ಸಿನಿಂದ. ನನಗೆ ಅವ್ವನ ಆಣೆ ನೆನಪಾಯಿತು. ಐಬು ಎಂದರೆ ಸಂಬಂಧ ಮುರಿಯುತ್ತದೆ ಎಂದೇ ತಲೆಯಲ್ಲಿ ಕೂತಿತ್ತು. ಏನಾದರೊಂದು ಹೇಳಬೇಕಿತ್ತು. ಸಣ್ಣದೊಂದು ತಪ್ಪನ್ನು ಅವನ ತಲೆಗೆ ಕಟ್ಟಿದರೆ ದೊಡ್ಡದು ಮುಚ್ಚಿಹೋಗುತ್ತದೆ ಎಂದು ಆ ಗಳಿಗೆಗೆ ಅನ್ನಿಸಿತು.

"ಐಬು ಇಲ್ರಿ ಅತ್ತೀ. ಕಣ್ಣು ಬರೋಬ್ಬರಿ ಅದಾವ. ಅವ ಸಣ್ಣಾವ ಇದ್ದಾಗಿಂದ ಒಂದೀಟು ಮೈಗಳ್ಳ. ಮನಸ್ಸು ಇಟ್ಟು ಮಾಡಂಗಿಲ್ಲ."

ಹೇಳಿ ತಿರುಗಿದೆ. ಭೀಮರಾಯ ಖಾಲಿ ಬುಟ್ಟಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೇಳಿಸಿಕೊಂಡಿದ್ದ. ಬುಟ್ಟಿಯನ್ನು ಬೋರಲು ಹಾಕಿಟ್ಟು, ಕಣದ ಆ ಮೂಲೆಯಲ್ಲಿ ಕೂತು ಕಾಯಿ ಆರಿಸತೊಡಗಿದ. ಯಾವುದು ಹಸಿರು, ಯಾವುದು ಕೆಂಪು ಎಂದು ತಿಳಿಯದವನು ಆರಿಸುವುದಾದರೂ ಏನನ್ನು? ಒಂದನ್ನು ಎತ್ತಿ, ಇನ್ನೊಂದರ ಪಕ್ಕ ಇಟ್ಟು, ಮತ್ತೆ ಎತ್ತಿ, ಸುಮ್ಮನೆ ಕೈ ಆಡಿಸುತ್ತ ಕೂತಿದ್ದ. ನೋಡುವವರಿಗೆ ಅದೂ ಮೈಗಳ್ಳತನದಂತೆಯೇ ಕಂಡಿತು. ಹೋಗಿ ಅವನ ಪಕ್ಕ ಕೂರಬೇಕೆನ್ನಿಸಿತು. ಮಂದಿ ಇದ್ದರು. ನಾನು ಕೂಸಿನ ನೆವ ಮಾಡಿ ಒಳಗೆ ಹೋದೆ.

ಮರುದಿನ ಮುಂಜಾನೆ ಅವನು ಹೊರಟ. ಬುತ್ತಿ ಕೊಟ್ಟೆ. ಬಸ್ಸು ನಿಲ್ಲುವ ದಾರಿಯವರೆಗೆ ಹೋದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲಿಲ್ಲ. ಬಸ್ಸು ಹತ್ತುವ ಮುಂಚೆ ಅವನು ಹೇಳಿದ್ದು ಇಷ್ಟೇ: "ಅಕ್ಕ, ಕಾಲುವಿ ದಂಡಿಗೆ ಇರೋ ಕೊನೀ ಸಾಲು ಇನ್ನಾ ಬಿಗಿ ಅದಾವ. ನಾಲ್ಕು ದಿನ ನೀರು ಆರಿದ ಮ್ಯಾಲ ಬಿಡಿಸ್ರಿ."

ಸುಗ್ಗಿ ಮುಗಿಯಿತು. ವೀಳ್ಯದ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ವರ್ಷ ದೇವಮ್ಮನನ್ನು ಗೋಗಿ ಎಂಬ ಊರಿಗೆ ಕೊಟ್ಟರು. ಅವಳು ನನ್ನನ್ನು ಎಂದೂ ಏನೂ ಕೇಳಲಿಲ್ಲ. ಮೈಗಳ್ಳ ಎಂಬ ಹೆಸರು ಮಾತ್ರ ಭೀಮರಾಯನಿಗಿಂತ ಮೊದಲೇ ಹತ್ತಿಕುಣಿ ಮುಟ್ಟಿತು. ಎರಡು ಮೂರು ಕಡೆ ಹೆಣ್ಣು ನೋಡಿದರು. ಎಲ್ಲ ಕಡೆಯೂ ಯಾರೋ ಒಬ್ಬರು, "ಸ್ವಂತ ಅಕ್ಕನೇ ಅಂದಾಳ," ಅನ್ನುತ್ತಿದ್ದರು. ಅವನು ಮದುವೆಯಾಗಲಿಲ್ಲ. ಊರವರ ದನ ಕಾಯ್ದುಕೊಂಡು ಉಳಿದ.

ಇದರ ಮೇಲೆ ಇನ್ನೊಂದನ್ನು ಹೇಳಬೇಕು. ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಎಷ್ಟೋ ವರ್ಷಗಳಾದ ಮೇಲೆ ಅತ್ತೆಗೆ ಕಣ್ಣಿನ ಪೊರೆ ತೆಗೆಸಿದೆವು. ಸುರಪುರದ ಕಣ್ಣಿನ ಶಿಬಿರದಿಂದ ಕಟ್ಟು ಕಟ್ಟಿಸಿಕೊಂಡು ಬಂದು ಮಲಗಿದ್ದವರು ಒಮ್ಮೆಲೇ ಹಳೆಯದನ್ನು ತೆಗೆದರು.

"ಆವತ್ತು ನೀ ಕಣ್ಣಿನ ಐಬು ಅಂದಿದ್ರ ನಾ ದೇವೀನ್ನ ಕೊಡ್ತಿದ್ದೆ ನೋಡು. ನಮ್ಮಣ್ಣಗ ಎರಡೂ ಕಿವಿ ಕೇಳ್ತಿರಲಿಲ್ಲ, ಎಂಟು ಮಂದಿ ಸಂಸಾರ ಎಳದ. ಐಬಿಗೆ ನಾ ಅಂಜಾಕಿ ಅಲ್ಲ. ಮೈಗಳ್ಳ ಅಂದೆಲ್ಲ, ಅದಕ್ಕ ಅಂಜಿದೆ."

ಅವರ ಕಣ್ಣಿನ ಮೇಲೆ ಕಟ್ಟು ಇತ್ತು. ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅಷ್ಟು ಅನುಕೂಲದ ಹೊತ್ತು ಮತ್ತೆ ಸಿಗುವಂತಿರಲಿಲ್ಲ. ಆಗಲೂ ನಾನು ಹೇಳಲಿಲ್ಲ. ಕಾಲು ಒತ್ತುತ್ತ ಕೂತೆ. ಅವರು ತೀರಿಕೊಂಡರು, ನಿಮ್ಮ ಮುತ್ಯಾನೂ ಹೋದರು, ನಾನು ಶಹಾಪುರಕ್ಕೆ ಮಗಳ ಮನೆಗೆ ಬಂದೆ. ಆ ಮಾತು ಹಾಗೆಯೇ ಉಳಿಯಿತು.

ಈಗ ಹೋದ ತಿಂಗಳಿಗೆ ಬರುತ್ತೇನೆ. ಆ ಫೋನಿನ ದಿನ ಸಂಜೆ, ಅಂಬಿಕಾ, ನೀನು ಯಾದಗಿರಿಯ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮುಗಿಸಿ ಬಂದು ತಮ್ಮನನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ನಾನೂ ಹಿಂದೆ ಬಂದು ನೀರಿನ ಟಾಕಿಯ ನೆರಳಿಗೆ ಕೂತೆ. ಪಕ್ಕದವರ ಮೆಣಸಿನಕಾಯಿಗೆ ಗಿಳಿಗಳು ಇಳಿಯುತ್ತಿದ್ದವು. ನೀನು ಅವನ್ನೇ ತೋರಿಸಿ ಪಾಠ ಹೇಳಿದೆ.

"ನಮ್ಮ ಕಣ್ಣಿನ ಹಿಂದ ಒಂದು ಪರದೆ ಅದ, ಆಯಿ. ಅದರಾಗ ಬೆಳಕು ಬಿದ್ರ ಬದಲಾಗೋ ವರ್ಣದ್ರವ್ಯ ಅದಾವ. ನುಗ್ಗಿಸೊಪ್ಪು ತಿನ್ನು ಅಂತೀಯಲ್ಲ, ಅದರಾಗಿನ ಸತ್ವನೂ ಅದಕ್ಕ ಬೇಕು. ಬೆನ್ನೆಲುಬಿನ ಪ್ರಾಣಿಗಳು ಇನ್ನಾ ನೀರಾಗೇ ಇದ್ದ ಕಾಲದಾಗೇ ಬಣ್ಣ ಹಿಡಿಯೋ ದ್ರವ್ಯ ನಾಲ್ಕು ಥರ ಇದ್ವು. ಭಾಳ ಮೀನು, ಹಲ್ಲಿ, ಹಕ್ಕಿಗೆ ಈಗಲೂ ನಾಲ್ಕು ಅದಾವ. ಈ ಗಿಳಿಗೆ ಕಾಣೋ ಬಣ್ಣ ನಿನಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ."

"ಮತ್ತ ನಮ್ಮವು ಎಲ್ಲಿ ಹೋದ್ವು?" ಎಂದೆ.

"ಹಾಲು ಕುಡಿಸೋ ಪ್ರಾಣಿಗಳ ಹಿರೇರು ದೊಡ್ಡ ದೊಡ್ಡ ಪ್ರಾಣಿಗೆ ಅಂಜಿ ಕತ್ತಲದಾಗೇ ಬದುಕಿದ್ರಂತ. ಕತ್ತಲದಾಗ ಬಣ್ಣ ತೊಗೊಂಡು ಏನು ಮಾಡೋದು? ಬಳಸದ್ದು ಕಳೀತು. ನಾಲ್ಕರಾಗ ಎರಡು ಹೋದ್ವು. ಆಕಳು, ಎತ್ತು, ಆಡು, ನಾಯಿ, ಎಲ್ಲಾ ಎರಡರ ಮ್ಯಾಲೇ ಜೀವನ ಮಾಡಾಕತ್ತಾವ."

"ಹಂಗಾದ್ರ ನಾ ಎತ್ತಿನ ಪಾರ್ಟಿ," ಎಂದ ಚೇತನ್.

"ಹೌದು, ನಾವು ಮಂಗ್ಯಾನ ಪಾರ್ಟಿ," ಎಂದೆ ನೀನು, ಅವನ ತಲೆಗೆ ಮೊಟಕಿ. "ಎಷ್ಟೋ ಕಾಲದ ಮ್ಯಾಲ ಮಂಗ್ಯಾನ ಒಂದು ವಂಶದಾಗ ಉಳಿದ ಎರಡರಾಗ ಒಂದರ ಬರಹ, ಅಂದ್ರ ಜೀನು, ನಕಲಾಗಿ ಎರಡಾತು. ಎರಡನೇದು ಒಂದೀಟು ಬದಲಾತು. ಅಲ್ಲಿಂದ ಕೆಂಪು ಬ್ಯಾರೆ, ಹಸಿರು ಬ್ಯಾರೆ ಕಾಣಾಕತ್ತು. ಎಲಿ ನಡುವಿನ ಹಣ್ಣು ಗುರುತು ಹಿಡಿಯಾಕ, ಎಳೀ ಚಿಗುರು ಹುಡಕಾಕ ಅದು ಉಪಯೋಗ ಆಗಿರಬೇಕು ಅಂತಾರ."

ಎಲೆಯ ನಡುವಿನ ಹಣ್ಣು. ಮೆಣಸಿನ ಸಾಲಿನಲ್ಲಿ ನಾವು ಮಾಡುತ್ತಿದ್ದದ್ದು ಅದನ್ನೇ. ಹಣಮವ್ವ ನಿಮಿಷಕ್ಕೆ ಹಿಡಿಗಟ್ಟಲೆ ಬಿಡಿಸುತ್ತಿದ್ದದ್ದು ಅವಳ ಜಾಣತನದಿಂದಲ್ಲ. ಯಾವುದೋ ಕಾಲದ ಮಂಗನಿಂದ ಬಂದ ಒಂದು ಕೊಡುಗೆ ಅವಳಿಗೆ ದಕ್ಕಿತ್ತು, ನನ್ನ ತಮ್ಮನಿಗೆ ದಕ್ಕಿರಲಿಲ್ಲ.

ಕೆಲವರಿಗೆ ಅದು ಯಾಕೆ ದಕ್ಕುವುದಿಲ್ಲ ಎಂದು ಕೇಳಿದೆ. ನೀನು ಹೇಳಿದ್ದನ್ನು ನಾನು ನನ್ನ ಶಾಲೆಯ ರೀತಿಯಲ್ಲಿ ತಿಳಿದುಕೊಂಡೆ. ಹಲಗೆಯ ಮೇಲೆ ಒಂದರ ಕೆಳಗೊಂದು ಎರಡು ಸಾಲು ಹೆಚ್ಚುಕಡಿಮೆ ಒಂದೇ ಹಾಗಿದ್ದರೆ, ನೋಡಿ ಬರೆಯುವಾಗ ಕಣ್ಣು ಮೇಲಿನ ಸಾಲಿನಿಂದ ಕೆಳಗಿನದಕ್ಕೆ ಜಾರಿ ಒಂದು ಸಾಲು ಬಿಟ್ಟುಹೋಗುತ್ತದೆ. ಕೆಂಪು ಹಸಿರಿನ ಆ ಎರಡು ಬರಹಗಳೂ ಹಾಗೆ ಅಕ್ಕಪಕ್ಕ ಇವೆ, ಅವಳಿಗಳ ಹಾಗಿವೆ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅಲ್ಲಿ ಜಾರುವುದು ಸಹಜ. ಹೆಣ್ಣುಮಕ್ಕಳಿಗೆ ಆ ಪುಟ ಎರಡು ಪ್ರತಿ ಇರುತ್ತದೆ, ಒಂದರಲ್ಲಿ ಸಾಲು ಬಿಟ್ಟಿದ್ದರೂ ಇನ್ನೊಂದು ಕಾಪಾಡುತ್ತದೆ. ಗಂಡುಮಕ್ಕಳಿಗೆ ಒಂದೇ ಪ್ರತಿ, ಅದೂ ತಾಯಿಯಿಂದ ಬಂದದ್ದು.

ಅಂದರೆ ನನ್ನ ಅವ್ವನಲ್ಲಿ ಇತ್ತು, ನನ್ನಲ್ಲಿ ಇತ್ತು, ಶಾಂತಾಳಲ್ಲಿ ಇದೆ. ಚೇತನ್‌ಗೆ ಕಾಣಿಸಿಕೊಂಡಿತು. ನಾನು ಲೆಕ್ಕ ಹಾಕುತ್ತಿದ್ದುದನ್ನು ನೀನು ನೋಡಿರಬೇಕು. "ನನ್ನೊಳಗೂ ಇದ್ದೀತು, ಇಲ್ಲದೆಯೂ ಇದ್ದೀತು, ಆಯಿ. ಇದು ಯಾರ ಪಾಪನೂ ಅಲ್ಲ," ಅಂದೆ. "ಮತ್ತ ಇವರಿಗೆ ಒಂದು ಲಾಭನೂ ಅದಂತ. ಬಣ್ಣದ ಮರಿಯಾಗ ಅಡಗಿದ್ದನ್ನ ಕೆಲವು ಸಲ ಇವರ ಕಣ್ಣು ನಮಗಿಂತ ಜಲ್ದಿ ಹಿಡೀತದ."

ಕೊಳಕುಮಂಡಲ. ಕೌಜುಗ. ಹಾವು ಕಂಡ ಕಣ್ಣಿಗೆ ಹಣ್ಣು ಕಾಣದಿರುವುದು ಸುಳ್ಳು ಎಂದು ಅವತ್ತು ಕಣದಲ್ಲಿ ತೀರ್ಪಾಗಿತ್ತಲ್ಲ. ಒಂದೇ ಕಣ್ಣು ಎರಡನ್ನೂ ಮಾಡಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡದ್ದನ್ನು ನೀವು ಮೆಣಸಿನ ಘಾಟಿಗೆಂದು ತಿಳಿದಿರಿ.

ಮುಂದಿನ ಭಾನುವಾರ ನಾನು ಚೇತನ್‌ನನ್ನು ಕರೆದುಕೊಂಡು ಹತ್ತಿಕುಣಿಗೆ ಹೋದದ್ದು ಇದಕ್ಕೇ. ಯಾದಗಿರಿಯಲ್ಲಿ ಬಸ್ಸು ಬದಲಿಸಿ ಇಳಿಯುವ ತನಕ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದೆ. ಭೀಮರಾಯ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಚಹಾ ಕುಡಿದೆವು. ಬಾಯಿಪಾಠವೆಲ್ಲ ಮರೆತುಹೋಯಿತು.

"ಭೀಮಾ, ಅವತ್ತು ಕಣದಾಗ ನಾ ಅಂದಿದ್ದು..." ಎಂದೆ. ಮುಂದೆ ಬರಲಿಲ್ಲ.

ಅವನು ಹಗ್ಗ ನಿಲ್ಲಿಸಲಿಲ್ಲ. "ಅವ್ವ ಆಣಿ ಮಾಡಿಸಿದ್ದು ನನಗ ಗೊತ್ತದ ಅಕ್ಕ. ಸಾಯೂ ಮುಂದ ಅವ್ವನೇ ಹೇಳಿದ್ಲು. ಐಬು ಮುಚ್ಚಿದಿ, ಅದಕ್ಕ ನನಗ ಸಿಟ್ಟಿಲ್ಲ. ಆದ್ರ ದಿನಾ ಸೂರ್ಯ ಹುಟ್ಟೂಕಿಂತ ಮೊದಲ ಎದ್ದು ಊರ ದನ ಹೊಡಿಯಾಂವ ನಾ. ನನಗ ಮಂದಿ ಮೈಗಳ್ಳ ಅಂದ್ರು. ಅವರಿಗೆ ಆ ಮಾತು ಕಲಿಸಿದಾಕಿ ನೀನು."

ನಾನು ನೆಲ ನೋಡುತ್ತ ಕೂತೆ.

ಅವನು ಚೇತನ್ ಕಡೆ ತಿರುಗಿದ. "ಇವಗೂ ನನ್ನಂಗೇ ಅಂತಲ್ಲ? ಇವನ್ನ ಊರಾಗ ಏನಂತಾರ?"

ಚೇತನ್, ನೀನು ನನ್ನ ಕಡೆ ನೋಡದೆ ಹೇಳಿದೆ: "ಮೈಗಳ್ಳ ಅಂತಾರ್ರಿ, ಮುತ್ಯಾ."

ಭೀಮರಾಯನ ಕೈ ಆಗ ನಿಂತಿತು. ನನ್ನನ್ನು ನೋಡಿದ. ಬಸ್ಸು ಹತ್ತುವಾಗ ಬೈಯದೆ ಹೋದವನು ಈಗಲೂ ಬೈಯಲಿಲ್ಲ. ಎದ್ದು, ಹಿತ್ತಲಿನ ನಾಲ್ಕು ಮೆಣಸಿನ ಗಿಡಗಳ ಹತ್ತಿರ ನಿನ್ನನ್ನು ಕರೆದುಕೊಂಡು ಹೋದ. "ಹಿಂಗ ಒತ್ತು. ಮೆತ್ತಗ ಹತ್ತಿದ್ರ ಹಣ್ಣು. ನೀರು ಹಾಕಿದ ಮರುದಿನ ಮಾತ್ರ ಮುಟ್ಟಬ್ಯಾಡ, ಬೆರಳಿಗೂ ಮೋಸ ಆಗ್ತದ," ಎಂದು ಕಲಿಸುತ್ತಿದ್ದ. ನಾನು ಅಂಗಳದಲ್ಲೇ ಉಳಿದೆ. ಅವನು ಬಿಟ್ಟ ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ಹಿಡಿದು ಕೂತೆ.

ಆಮೇಲಿನದು ನಿಮಗೆ ಗೊತ್ತೇ ಇದೆ. ಹೋದ ಶುಕ್ರವಾರ ಅಂಬಿಕಾಳನ್ನು ನೋಡಲು ಬಂದವರಲ್ಲಿ ಹುಡುಗನ ತಾಯಿ, "ಮಗ ಏನು ಮಾಡ್ತಾನ್ರಿ? ರೈಲ್ವೆದಾಗ ಆಗ್ತದ ಅಂದಿದ್ರಲ್ಲ?" ಎಂದು ಕೇಳಿದರು. ಶಾಂತಾ ಬಾಯಿ ತೆರೆದಳು. ನಾನು ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದಿದ್ದೆ. ಅವಳಿಗಿಂತ ಮೊದಲೇ ಹೇಳಿಬಿಟ್ಟೆ.

"ಪರೀಕ್ಷಾ ಪಾಸ್ ಆಗ್ಯಾನ್ರಿ. ಅವಗ ಕೆಂಪು ಹಸಿರು ಬ್ಯಾರೆ ಕಾಣಂಗಿಲ್ಲ, ಅದಕ್ಕ ತೊಗೊಳ್ಳಲಿಲ್ಲ. ನನ್ನ ತಮ್ಮಗೂ ಹಂಗೇ ಅದ. ನನ್ನ ಕಡಿಂದ ಬಂದದ್ದು. ಹುಡುಗ ಮೈಗಳ್ಳ ಅಲ್ರಿ."

ಅಪರಿಚಿತರ ಮುಂದೆ ನಾನು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಬಂದವರು ಚಹಾ ಕುಡಿದು, ಹೇಳಿಕಳಿಸುತ್ತೇವೆ ಎಂದು ಹೋದರು. ಇನ್ನೂ ಹೇಳಿಕಳಿಸಿಲ್ಲ. ಶಾಂತಾ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅಂಬಿಕಾ, ನೀನು ಮಾತ್ರ ಆ ದಿನ ಪಾತ್ರೆ ತೊಳೆಯುತ್ತ ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತೆ. ನಿನ್ನ ಸಂಬಂಧ ನನ್ನಿಂದ ತಪ್ಪಿದರೆ ಅದರ ಭಾರವೂ ನನ್ನ ಮೇಲಿರಲಿ. ಅದು ನಿಜ ಹೇಳಿದ್ದರ ಭಾರ, ಹೊರಬಹುದು. ಇನ್ನೊಂದನ್ನು ಹೊತ್ತು ನೋಡಿದ್ದೇನೆ.

ಕಣದಲ್ಲಿ ಹೇಳಬೇಕಾದದ್ದನ್ನು ಚಹಾದ ತಟ್ಟೆ ಹಿಡಿದು ಹೇಳಿದರೆ ಭೀಮರಾಯನಿಗೆ ಏನೂ ಮರಳಿ ಬರುವುದಿಲ್ಲ. ಅವನು ಅಂಗಳದಲ್ಲಿ ಒಬ್ಬನೇ ಹಗ್ಗ ಹೊಸೆಯುತ್ತಾನೆ. ಅದನ್ನು ನಾನು ಮರೆಯುವುದಿಲ್ಲ, ನೀವೂ ನನ್ನನ್ನು ಸುಲಭಕ್ಕೆ ಬಿಡಬೇಡಿ.

ಒಂದು ಕೆಲಸ ಮಾಡಿ. ಈ ಹಾಳೆಗಳನ್ನು ಮಳೆ, ಗೆದ್ದಲು ತಾಗದ ಕಡೆ ಇಡಿ. ಚೇತನ್, ನೀನು ಒಂದು ಪ್ರತಿ ಮಾಡಿಸಿ ಭೀಮರಾಯ ಮುತ್ಯಾಗೆ ಓದಿ ಹೇಳು. ಅವನು ತಪ್ಪಿದೆ ಎಂದದ್ದನ್ನು ತಿದ್ದು. ಅಂಬಿಕಾ, ಮೂಲ ನಿನ್ನ ಹತ್ತಿರ ಇರಲಿ. ಎಂದಾದರೂ ನೀನು ಗಂಡನ ಮನೆಗೆ ಹೋಗುವಾಗ ಸೀರೆಗಳ ನಡುವೆ ಇಟ್ಟುಕೊಂಡು ಹೋಗು. ನಿನಗೆ ಮಗಳಾದರೆ ಅವಳ ಪೆಟ್ಟಿಗೆಗೂ ಒಂದು ಪ್ರತಿ ಹಾಕು. ನಮ್ಮ ಮನೆಯ ಹೆಣ್ಣುಮಕ್ಕಳು ಆ ಬಿಟ್ಟುಹೋದ ಸಾಲನ್ನು ಯಾರಿಗೂ ಹೇಳದೆ ಮನೆಯಿಂದ ಮನೆಗೆ ಹೊತ್ತುಕೊಂಡು ಬಂದಿದ್ದೇವೆ. ಇನ್ನು ಮುಂದೆ ಅದರ ಜೊತೆಗೆ ಈ ಹಾಳೆಗಳೂ ಹೋಗಲಿ. ಯಾರಾದರೂ ಗೋಡೆಯ ಮರೆಗೆ ಕರೆದು ಖರೇ ಹೇಳು ಎಂದು ಕೇಳಿದರೆ, ಬಾಯಿ ಏಳದಿದ್ದರೆ, ಇದನ್ನು ತೆಗೆದು ಅವರ ಕೈಗೆ ಕೊಡಿ.